ಜಟಾಮಾಂಸಿಯ ಭರಣಿ, ಪಕ್ಕದ ಬೆಂಚಿನ ಕೆಮ್ಮು

ಬೇಥಾನ್ಯದ ಆ ಮನೆಯಲ್ಲಿ ಊಟ ನಡೆದಿತ್ತು. ಸತ್ತು ಎದ್ದುಬಂದ ಲಾಜರ ಪಂಕ್ತಿಯಲ್ಲಿ ಕೂತಿದ್ದ, ಮಾರ್ಥಳು ಬಡಿಸುತ್ತಿದ್ದಳು. ಅಷ್ಟರಲ್ಲಿ ಮರಿಯಳು ಸುಗಂಧ ತೈಲ ತಂದು ಯೇಸುವಿನ ಪಾದಗಳಿಗೆ ಹಚ್ಚಿ ತನ್ನ ಕೂದಲಿನಿಂದ ಒರೆಸಿದಳು. ಮನೆಯೆಲ್ಲ ಘಮಘಮ. ಯೋಹಾನನ ಸುವಾರ್ತೆಯ 12ನೇ ಅಧ್ಯಾಯದ ಈ ಪ್ರಸಂಗವನ್ನು ಕನ್ನಡ ಬೈಬಲಿನಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನವರು ‘ನಾರ್ಡ್’ ಎಂಬ ಪದ ಕಂಡು ಅರ್ಥ ಹುಡುಕಬೇಕು. ಕನ್ನಡದಲ್ಲಿ ಅದು ನೇರವಾಗಿ ಜಟಾಮಾಂಸಿ ತೈಲ. ಗ್ರಂಧಿಗೆ ಅಂಗಡಿಯಲ್ಲಿ ಇವತ್ತಿಗೂ ಸಿಗುವ ಬೇರು. ಮನೆಯಲ್ಲೇ ತಲೆಗೆಣ್ಣೆ ಕಾಯಿಸುವವರಿಗೆ ಗೊತ್ತಿರುವ ವಾಸನೆ. ಹಿಮಾಲಯದ ಎತ್ತರದಲ್ಲಿ ಬೆಳೆಯುವ ಈ ಗಿಡದ ಸರಕು ಭಾರತದ ಬಂದರುಗಳಿಂದ ಪಶ್ಚಿಮಕ್ಕೆ ಹಡಗೇರುತ್ತಿತ್ತೆಂದು ಒಂದನೇ ಶತಮಾನದ ಗ್ರೀಕ್ ನಾವಿಕ ಕೈಪಿಡಿ ‘ಪೆರಿಪ್ಲಸ್’ ದಾಖಲಿಸಿದೆ.

ಅಷ್ಟು ದೂರದಿಂದ ಬಂದ ಸರಕಿನ ಬೆಲೆಯೂ ಅದಕ್ಕೆ ತಕ್ಕಂತೆಯೇ ಇತ್ತು: ಮುನ್ನೂರು ದೆನಾರಿ. ದ್ರಾಕ್ಷಿ ತೋಟದ ಕೂಲಿಯಾಳಿಗೆ ದಿನಕ್ಕೆ ಒಂದು ದೆನಾರಿ ಎಂದು ಮತ್ತಾಯನ ಸುವಾರ್ತೆಯ ಸಾಮತಿಯೊಂದು ಲೆಕ್ಕ ಕೊಡುತ್ತದೆ. ಸಬ್ಬತ್ತು, ಹಬ್ಬದ ದಿನಗಳನ್ನು ಕಳೆದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಅಲ್ಲಿ ನೆಲಕ್ಕೆ ಹರಿದುಹೋಯಿತು. ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಇಸ್ಕರಿಯೋತ ಯೂದ ಆಕ್ಷೇಪ ತೆಗೆದ. ಯೇಸು ಮರಿಯಳ ಪಕ್ಷ ವಹಿಸಿದರು.

ಸುಗಂಧ ಬಳಸುವುದು ಸರಿಯೇ ಎಂಬ ಮಾತು ಕ್ರೈಸ್ತರ ನಡುವೆ ಎದ್ದಾಗ ಪರಿಮಳಪ್ರಿಯರು ಈ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಆದರೆ ಇವತ್ತಿನ ಆಕ್ಷೇಪ ದುಡ್ಡಿನದಲ್ಲ, ಶ್ವಾಸದ್ದು. ಸೆಂಟು ಹೊಡೆದುಕೊಂಡು ಬಂದವರ ಪಕ್ಕ ಕೂತರೆ ಒಬ್ಬರಿಗೆ ತಲೆಶೂಲೆ. ಧೂಪ ಹಾಕಿದ ಕೂಡಲೇ ಇನ್ನೊಬ್ಬರಿಗೆ ಉಬ್ಬಸ. ಹೊಸ ಸೋಪಿನಪುಡಿಯಲ್ಲಿ ಒಗೆದ ಬಟ್ಟೆ ತೊಟ್ಟರೆ ಮತ್ತೊಬ್ಬರಿಗೆ ಕೈಯೆಲ್ಲ ತುರಿಕೆ. ಇವರು ಬಾಯಿಬಿಟ್ಟರೆ, ದೇವರು ಕೊಟ್ಟ ಸಂತೋಷಕ್ಕೆ ಕಲ್ಲು ಹಾಕುವ ಯೂದನ ಸಾಲಿಗೆ ಅವರನ್ನು ಸೇರಿಸುವುದು ಸುಲಭ.

ಆ ಸುಲಭದ ಓದು ತಪ್ಪು. ಯೂದ ಬಡವರ ಹೆಸರು ಹೇಳಿದನೇ ಹೊರತು ಸ್ವತಃ ಬಡವನಾಗಿರಲಿಲ್ಲ. ಹಣದ ಚೀಲ ಅವನ ಕೈಯಲ್ಲಿತ್ತು, ಅದರಿಂದ ಕದಿಯುತ್ತಿದ್ದ ಎಂದು ಯೋಹಾನನೇ ಬರೆದಿದ್ದಾನೆ. ಪಕ್ಕದ ಬೆಂಚಿನಲ್ಲಿ ಕೆಮ್ಮುವವರು ಯಾರ ಹೆಸರನ್ನೂ ಹೇಳುತ್ತಿಲ್ಲ, ತಮ್ಮ ಎದೆಯ ಮಾತನ್ನೇ ಹೇಳುತ್ತಿದ್ದಾರೆ. ಸುಗಂಧವನ್ನು ಸವಿಯುವ ಹಕ್ಕನ್ನು ಕ್ರೈಸ್ತ ಪರಂಪರೆ ಧಾರಾಳವಾಗಿ ಕೊಟ್ಟಿದೆ. ಅದನ್ನು ಇನ್ನೊಬ್ಬರ ಮೂಗಿಗೆ ತುಂಬುವ ಹಕ್ಕನ್ನು ಕೊಟ್ಟಂತೆ ಕಾಣುವುದಿಲ್ಲ.

ಧಾರಾಳದ ಮಾತು ಮೊದಲಿಗೆ. ಬೈಬಲಿನಷ್ಟು ಪರಿಮಳ ತುಂಬಿದ ಧರ್ಮಗ್ರಂಥಗಳು ಕಡಿಮೆ. ಎಣ್ಣೆಯೂ ಸುಗಂಧವೂ ಮನಸ್ಸನ್ನು ಹಿಗ್ಗಿಸುತ್ತವೆ ಎನ್ನುತ್ತದೆ ಜ್ಞಾನೋಕ್ತಿಗಳ ಪುಸ್ತಕ. ಪರಮಗೀತೆಯ ತೋಟದಲ್ಲಿ ಜಟಾಮಾಂಸಿ, ಕೇಸರಿ, ಚಕ್ಕೆ, ರಕ್ತಬೋಳ, ಅಗರು ಎಲ್ಲವೂ ಒಟ್ಟಿಗೆ ಘಮಿಸುತ್ತವೆ. ಕ್ರಿಸ್ತ ಜಯಂತಿಯ ಗೋದಲಿಗೆ ಮೂಡಣದ ಜೋಯಿಸರು ತಂದ ಮೂರು ಕಾಣಿಕೆಗಳಲ್ಲಿ ಎರಡು ಮರದ ಅಂಟುಗಳೇ: ಧೂಪ ಮತ್ತು ರಕ್ತಬೋಳ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಯೇಸು ಬೆಟ್ಟದ ಮೇಲೆ ಬೋಧಿಸಿದ್ದೂ ಇದೇ ಧಾಟಿಯಲ್ಲಿ.

ವಿಮೋಚನಕಾಂಡದ 30ನೇ ಅಧ್ಯಾಯವಂತೂ ಪಾಕಶಾಸ್ತ್ರದ ಪುಟದಂತಿದೆ. ಅಭಿಷೇಕ ತೈಲಕ್ಕೆ ರಕ್ತಬೋಳ 500 ಶೆಕೆಲ್, ಪರಿಮಳದ ಚಕ್ಕೆ 250, ಸುಗಂಧದ ಜೊಂಡು 250, ಕ್ಯಾಸಿಯಾ ಎಂಬ ಇನ್ನೊಂದು ಬಗೆಯ ಚಕ್ಕೆ 500, ಅದಕ್ಕೆ ಒಂದು ಹಿನ್ ಆಲಿವ್ ಎಣ್ಣೆ. ಕೆಳಗೆ ಧೂಪದ ಅಳತೆ. ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಒಂದು ಕಟ್ಟಪ್ಪಣೆಯೂ ಇದೆ. ಈ ಧೂಪವನ್ನು ತನ್ನ ಮೂಗಿನ ಸುಖಕ್ಕಾಗಿ ತಯಾರಿಸಿಕೊಳ್ಳುವವನಿಗೆ ಜನರ ನಡುವೆ ಜಾಗವಿಲ್ಲ. ಪರಿಮಳವೇನೋ ಒಳ್ಳೆಯದೇ, ಯಾವ ಪರಿಮಳ ಎಲ್ಲಿ ಯಾರಿಗಾಗಿ ಎಂಬ ವಿವೇಚನೆ ಮಾತ್ರ ಬೇಕು ಎಂಬುದು ಮೋಶೆಯ ಕಾಲದಿಂದಲೇ ಇತ್ತು. ಪ್ರವಾದಿಗಳು ಇದನ್ನು ಇನ್ನಷ್ಟು ಬಿಗಿಗೊಳಿಸಿದರು. ದಂತದ ಮಂಚದ ಮೇಲೆ ಒರಗಿ ಉತ್ತಮ ತೈಲ ಬಳಿದುಕೊಂಡು ನಾಡಿನ ನಾಶಕ್ಕೆ ಮರುಗದವರನ್ನು ಆಮೋಸ ಬೈದ. ಅನ್ಯಾಯ ತುಂಬಿದ ಕೈಗಳು ಎತ್ತುವ ಧೂಪ ದೇವರಿಗೆ ಅಸಹ್ಯ ಎಂದ ಯೆಶಾಯ. ಇಬ್ಬರ ಸಿಟ್ಟೂ ವಾಸನೆಯ ಮೇಲಲ್ಲ, ಪಕ್ಕದವರನ್ನು ಮರೆತ ಮೂಗಿನ ಮೇಲೆ.

ಮೊದಲ ಮೂರು ಶತಮಾನಗಳ ಕ್ರೈಸ್ತರಿಗೆ ಧೂಪವೆಂದರೆ ಭಯ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸ್ ಎಲ್ಲ ಪ್ರಜೆಗಳೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ, ಒಂದು ಚಿಟಿಕೆ ಧೂಪ ಕೆಂಡಕ್ಕೆ ಹಾಕಿ ಪಾರಾದವರೂ ಇದ್ದರು, ಹಾಕಲೊಲ್ಲದೆ ಸತ್ತವರೂ ಇದ್ದರು. ಹಾಕಿ ಪಾರಾದವರಿಗೆ ಸಭೆಯಲ್ಲಿ ‘ಧೂಪ ಹಾಕಿದವರು’ ಎಂಬ ಅರ್ಥದ ಲ್ಯಾಟಿನ್ ಹೆಸರೇ ಅಂಟಿತು. ಅದಕ್ಕೂ ಐವತ್ತು ವರ್ಷ ಮೊದಲು ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್, ಕ್ರೈಸ್ತರು ಧೂಪ ಕೊಳ್ಳದೆ ಅರಬರ ವ್ಯಾಪಾರ ಕೆಟ್ಟಿತೆಂಬ ದೂರಿಗೆ ಉತ್ತರಿಸುತ್ತ, ದೇವತೆಗಳ ಮುಂದೆ ಸುಡುವುದಕ್ಕಿಂತ ಹೆಚ್ಚಿನ ಸುಗಂಧದ್ರವ್ಯವನ್ನು ತಮ್ಮವರು ಹೆಣ ಹೂಳಲು ಬಳಸುತ್ತಾರೆ ಎಂದು ಚುಚ್ಚಿದ್ದ.

ಕಾಲ ಬದಲಾಯಿತು. ರೋಮ್ ಕ್ರೈಸ್ತವಾಯಿತು, ಭಯ ಹೋಯಿತು. ನಾಲ್ಕನೇ ಶತಮಾನದ ಕೊನೆಯ ಭಾಗದಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಗೇರಿಯಾ ಎಂಬಾಕೆ, ಪುನರುತ್ಥಾನದ ದೇವಾಲಯದ ಗವಿಯೊಳಗೆ ಭಾನುವಾರ ಧೂಪದಾನಿಗಳನ್ನು ಒಯ್ದಾಗ ಇಡೀ ಬೆಸಿಲಿಕ ಪರಿಮಳದಿಂದ ತುಂಬುತ್ತಿತ್ತೆಂದು ಬರೆದಿಟ್ಟಳು. ಅದೇ ಹೊತ್ತಿಗೆ ಉತ್ತರ ಆಫ್ರಿಕದ ಆಗಸ್ಟೀನರು ತಮ್ಮ ‘ಕನ್ಫೆಶನ್ಸ್’ನಲ್ಲಿ ಒಂದೊಂದೇ ಇಂದ್ರಿಯವನ್ನು ಕರೆದು ವಿಚಾರಣೆ ನಡೆಸಿದರು. ರುಚಿಯೊಂದಿಗೆ ದಿನವೂ ಹೋರಾಟ, ಸಂಗೀತದ ಮುಂದೆ ತೂಗುಯ್ಯಾಲೆ. ವಾಸನೆಯ ಸರದಿ ಬಂದಾಗ ಮಾತ್ರ ಎರಡೇ ಮಾತು: ಇಲ್ಲದಿದ್ದರೆ ಹುಡುಕುವುದಿಲ್ಲ, ಇದ್ದರೆ ಬೇಡ ಎನ್ನುವುದಿಲ್ಲ. ಈ ವಿಷಯದಲ್ಲಿ ಕ್ರೈಸ್ತ ಲೇಖಕರ ನಿಲುವುಗಳಲ್ಲಿ ಇಷ್ಟು ನಿರಾಳವಾದದ್ದು ಅಪರೂಪ.

ಬೇಡ ಎನ್ನದವರಲ್ಲಿ ಸನ್ಯಾಸಿಗಳೇ ಮುಂದು. ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾದಲ್ಲಿ ಡೊಮಿನಿಕನ್ ಮಠದವರು ಗಿಡಮೂಲಿಕೆ ಬೆಳೆದು ಔಷಧ, ಗುಲಾಬಿ ನೀರು ತಯಾರಿಸುತ್ತಿದ್ದರು; ಅವರ ಔಷಧಾಲಯ 1612ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು, ಇಂದಿಗೂ ಪ್ರಸಿದ್ಧ ಸುಗಂಧದ ಅಂಗಡಿ. ವೇಲ್ಸಿನ ಕಾಲ್ಡಿ ದ್ವೀಪದ ಸಿಸ್ಟರ್ಸಿಯನ್ ಸನ್ಯಾಸಿಗಳು ದ್ವೀಪದ ಹೂಗಳಿಂದ ಸ್ಫೂರ್ತಿ ಪಡೆದ ಸೆಂಟು ಮಾರಿ ಮಠ ನಡೆಸಿದವರು. ಸ್ಪೇನಿನ ಸಾಂಟಿಯಾಗೊ ದೆ ಕಾಂಪೊಸ್ಟೆಲಾದಲ್ಲಿ 53 ಕಿಲೋ ತೂಕದ ಧೂಪದಾನಿಯನ್ನು ಎಂಟು ಜನ ಹಗ್ಗ ಹಿಡಿದು ಎಳೆಯುತ್ತಾರೆ; ಅದು ಗಂಟೆಗೆ ಸುಮಾರು 68 ಕಿ.ಮೀ. ವೇಗದಲ್ಲಿ ಭಕ್ತರ ತಲೆಯ ಮೇಲೆ ತೂಗುತ್ತದೆ. ವಾರಗಟ್ಟಲೆ ನಡೆದು, ಮೀಯದೆ ಬಂದ ಯಾತ್ರಿಕರ ಮೈವಾಸನೆ ಮುಚ್ಚಲು ಇದು ಹುಟ್ಟಿತೆಂದು ಅಲ್ಲಿನವರು ಹೇಳುವುದುಂಟು. 2023ರಲ್ಲಿ ಬ್ರಿಟನ್ನಿನ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಜೆರುಸಲೇಮಿನಲ್ಲಿ ಪವಿತ್ರೀಕರಿಸಿದ ತೈಲದಲ್ಲಿ ಗುಲಾಬಿ, ಮಲ್ಲಿಗೆ, ಚಕ್ಕೆ, ಕಿತ್ತಳೆ ಹೂವು ಎಲ್ಲವೂ ಇದ್ದವು. ಹಳೆಯ ತೈಲಗಳಲ್ಲಿ ಪುನುಗು, ತಿಮಿಂಗಿಲದ ಅಂಬರ್ ಬಳಕೆಯಾಗುತ್ತಿತ್ತು. ಈ ಸಲ ಪ್ರಾಣಿಮೂಲದ ಯಾವುದನ್ನೂ ಸೇರಿಸಲಿಲ್ಲ. ಸಾವಿರ ವರ್ಷದ ಸಂಪ್ರದಾಯವೂ ಕಾಲದ ಅರಿವಿಗೆ ತಕ್ಕಂತೆ ತನ್ನ ಪಾಕ ಬದಲಿಸಿಕೊಳ್ಳಬಲ್ಲದು ಎಂಬುದಕ್ಕೆ ಇದು ಹತ್ತಿರದ ಸಾಕ್ಷಿ.

ಪ್ರಾಟೆಸ್ಟೆಂಟರು ಧೂಪವನ್ನು ಬಿಟ್ಟದ್ದು ಆರೋಗ್ಯಕ್ಕಲ್ಲ, ಸಿದ್ಧಾಂತಕ್ಕೆ. ಇಂಗ್ಲೆಂಡಿನಲ್ಲಿ ಈ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. 1868ರ ತೀರ್ಪೊಂದು ಆಂಗ್ಲಿಕನ್ ಆರಾಧನೆಯಲ್ಲಿ ಧೂಪಾಚರಣೆ ನಿಷಿದ್ಧ ಎಂದಿತು. 1899ರಲ್ಲಿ ಕ್ಯಾಂಟರ್ಬರಿ ಮತ್ತು ಯಾರ್ಕ್‌ನ ಆರ್ಚ್‌ಬಿಷಪ್ಪರಿಬ್ಬರೂ ಸೇರಿ ಕೊಟ್ಟ ಅಭಿಪ್ರಾಯ ಇನ್ನೂ ಸ್ವಾರಸ್ಯದ್ದು: ಆಚರಣೆಯಾಗಿ ಧೂಪ ಕೂಡದು, ಒಳಗಿನ ಗಾಳಿಯನ್ನು ಹಿತಗೊಳಿಸಲು ಹಾಕಿದರೆ ತಪ್ಪಿಲ್ಲ. ಗಾಳಿ ಹಿತವಾಗಲೆಂದು ಹಾಕಿದ್ದೇ ಗಾಳಿಯನ್ನು ಕೆಡಿಸಬಹುದೆಂದು ಅವರಿಗೆ ಹೊಳೆಯುವ ಕಾಲ ಅದಾಗಿರಲಿಲ್ಲ.

ಕರ್ನಾಟಕದಲ್ಲಿ ಆ ಭೇದ ಈಗಲೂ ಮೂಗಿಗೇ ಗೊತ್ತಾಗುತ್ತದೆ. ಹಬ್ಬದ ಬಲಿಪೂಜೆ ಮುಗಿದ ಕಥೋಲಿಕ ದೇವಾಲಯಕ್ಕೆ ಕಾಲಿಟ್ಟರೆ ಸಾಂಬ್ರಾಣಿಯ ಘಾಟು ಇನ್ನೂ ಗೋಡೆಗಳಿಗೆ ಅಂಟಿರುತ್ತದೆ. ಬಾಸೆಲ್ ಮಿಶನ್ ಹಿನ್ನೆಲೆಯ ಪ್ರಾಟೆಸ್ಟೆಂಟ್ ಸಿಎಸ್‌ಐ ಸಭೆಗಳಲ್ಲಿ ಮೇಣದ ಬತ್ತಿ, ಹೂವು, ಹಳೆಯ ಮರದ ಬೆಂಚಿನ ವಾಸನೆಯಷ್ಟೇ. ಮನೆಗೆ ಬಂದರೆ ಪಂಗಡದ ಗೆರೆ ಅಷ್ಟು ಗಟ್ಟಿಯಲ್ಲ. ಊದುಬತ್ತಿಯ ರಾಜಧಾನಿ ಮೈಸೂರು, ಗಂಧದೆಣ್ಣೆಯ ಸೋಪಿಗೆ ಹೆಸರಾದ ನಾಡು. ಮಾತೆ ಮರಿಯಮ್ಮನ ಪಟದ ಮುಂದೆ ಊದುಬತ್ತಿ ಹಚ್ಚುವ ಮನೆಗಳು ಎಷ್ಟೋ. ಉಡುಪಿಯ ಶಂಕರಪುರದ ಸುತ್ತ ಮಲ್ಲಿಗೆ ಬೆಳೆದು ಬದುಕು ಕಟ್ಟಿಕೊಂಡವರಲ್ಲಿ ಕ್ರೈಸ್ತ ಕುಟುಂಬಗಳೂ ಇವೆ. ಇಂಥ ನಾಡಿನಲ್ಲಿ ನಿಂತು ಪರಿಮಳವನ್ನು ಬಿಡಿ ಎಂದು ಬೋಧಿಸುವುದು ಯಾರಿಂದಲೂ ಆಗದ ಮಾತು, ಬೋಧಿಸಬೇಕಾಗಿಯೂ ಇಲ್ಲ.

ಹಾಗಾದರೆ ಆರೋಗ್ಯದ ಆತಂಕ ಎಷ್ಟು ನಿಜ? ಇದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ‘ಸುಗಂಧ’ ಒಂದೇ ವಸ್ತುವಲ್ಲ. ಸೀಸೆಯ ಮೇಲೆ ‘ಪರ್ಫ್ಯೂಮ್’ ಎಂದು ಅಚ್ಚಾದ ಒಂದೇ ಪದದ ಹಿಂದೆ ಹತ್ತಾರು, ಕೆಲವೊಮ್ಮೆ ನೂರಾರು ರಾಸಾಯನಿಕಗಳು ಅಡಗಿರುತ್ತವೆ. ಅದು ತಯಾರಕರ ಗುಟ್ಟು. ಯುರೋಪಿನ ಒಕ್ಕೂಟ ಈ ಗುಟ್ಟಿನ ಗಂಟನ್ನು ಸ್ವಲ್ಪಸ್ವಲ್ಪವಾಗಿ ಬಿಚ್ಚುತ್ತ ಬಂದಿದೆ. ಅಲರ್ಜಿ ತರಬಲ್ಲ 26 ಸುಗಂಧ ದ್ರವ್ಯಗಳ ಹೆಸರನ್ನು ಲೇಬಲ್ಲಿನ ಮೇಲೆ ಬಿಡಿಬಿಡಿಯಾಗಿ ಬರೆಯಬೇಕೆಂದು 2003ರಲ್ಲಿ ನಿಯಮ ಮಾಡಿತು. 2023ರಲ್ಲಿ ಆ ಪಟ್ಟಿ 80 ದಾಟಿತು. ಕಣಿವೆಯ ಲಿಲ್ಲಿ ಹೂವಿನ ವಾಸನೆ ಕೊಡುತ್ತಿದ್ದ, ಲೆಕ್ಕವಿಲ್ಲದಷ್ಟು ಶಾಂಪೂ, ಕ್ರೀಮುಗಳಲ್ಲಿದ್ದ ‘ಲಿಲಿಯಾಲ್’ ಸಂತಾನಶಕ್ತಿಗೆ ಹಾನಿ ಮಾಡಬಹುದೆಂಬ ಕಾರಣಕ್ಕೆ 2022ರ ಮಾರ್ಚ್‌ನಲ್ಲಿ ಅಲ್ಲಿ ನಿಷೇಧವಾಯಿತು. ಅದುವರೆಗೆ ದಶಕಗಳ ಕಾಲ ಜನ ಅದನ್ನು ನಿಶ್ಚಿಂತೆಯಿಂದ ಮೈಗೆ ಹಚ್ಚಿಕೊಂಡಿದ್ದರು.

ತೊಂದರೆ ಎಷ್ಟು ಜನಕ್ಕೆ ಎಂಬುದಕ್ಕೂ ಒಂದು ಅಂದಾಜಿದೆ. ಸಂಶೋಧಕಿ ಆ್ಯನ್ ಸ್ಟೈನ್‌ಮನ್ ಅವರು 2016ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯಲ್ಲಿ ಶೇ 34.7ರಷ್ಟು ಮಂದಿ ಸುಗಂಧಿತ ವಸ್ತುಗಳಿಂದ ತಲೆನೋವು, ಉಸಿರಾಟದ ತೊಂದರೆ ಮುಂತಾದ ಒಂದಲ್ಲ ಒಂದು ಕಷ್ಟ ಅನುಭವಿಸಿದ್ದಾಗಿ ಹೇಳಿದರು. ಇದು ಜನರೇ ಹೇಳಿಕೊಂಡ ಲೆಕ್ಕ, ವೈದ್ಯರು ಪರೀಕ್ಷಿಸಿ ಕೊಟ್ಟದ್ದಲ್ಲ ಎಂಬ ಎಚ್ಚರ ಇರಬೇಕು. ಆದರೂ ನೂರು ಜನರ ಸಭೆಯಲ್ಲಿ ಮೂವತ್ತು ಬೇಡ, ಹತ್ತು ಮಂದಿಗೆ ಕಷ್ಟವಾದರೂ ಅದು ಸಣ್ಣ ಸಂಖ್ಯೆಯಲ್ಲ.

ಹೊಗೆಯ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿ. ಒಂದು ಗ್ರಾಂ ಸಿಗರೇಟು ಉರಿದಾಗ ಸುಮಾರು 10 ಮಿಲಿಗ್ರಾಂ ಸೂಕ್ಷ್ಮ ಕಣಗಳು ಹೊರಬಂದರೆ, ಒಂದು ಗ್ರಾಂ ಧೂಪ ಅಥವಾ ಊದುಬತ್ತಿಯಿಂದ ಸುಮಾರು 45 ಮಿಲಿಗ್ರಾಂ ಬರುತ್ತದೆಂದು 2008ರ ವೈದ್ಯಕೀಯ ವಿಮರ್ಶಾ ಲೇಖನವೊಂದು ಲೆಕ್ಕ ಕೊಟ್ಟಿದೆ. ಅದೇ ವರ್ಷ ಪ್ರಕಟವಾದ ಸಿಂಗಪುರದ ಅಧ್ಯಯನವು 61 ಸಾವಿರಕ್ಕೂ ಹೆಚ್ಚು ಚೀನೀ ಮೂಲದವರನ್ನು ವರ್ಷಗಳ ಕಾಲ ಗಮನಿಸಿ, ದೀರ್ಘಕಾಲ ಮನೆಯಲ್ಲಿ ಧೂಪ ಉರಿಸುವವರಲ್ಲಿ ಶ್ವಾಸಮಾರ್ಗದ ಮೇಲ್ಭಾಗದ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚಿರುವುದನ್ನು ಕಂಡಿತು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ತಂಡವೊಂದು ಚರ್ಚಿನೊಳಗೇ ಯಂತ್ರ ಇಟ್ಟು ಅಳೆದದ್ದು 2004ರಲ್ಲಿ ಪ್ರಕಟವಾಯಿತು. ಮೇಣದ ಬತ್ತಿ ಮತ್ತು ಧೂಪದ ನಂತರ ಬೆಸಿಲಿಕದ ಗಾಳಿಯಲ್ಲಿದ್ದ ದೂಳಿನ ಕಣಗಳು ಯುರೋಪು ಹೊರಗಿನ ಗಾಳಿಗೆ ಹಾಕಿದ ದಿನದ ಮಿತಿಯ ಹತ್ತು ಪಟ್ಟಿಗೂ ಮೀರಿದ್ದವು. ವಾರಕ್ಕೊಮ್ಮೆ ಬಂದು ಗಂಟೆ ಹೊತ್ತು ಕೂತು ಹೋಗುವ ಆರೋಗ್ಯವಂತರಿಗೆ ಇದರಿಂದ ದೊಡ್ಡ ಅಪಾಯವೇನಿಲ್ಲ. ದಿನವೂ ಅಲ್ಲೇ ಇರುವ ಗುರುಗಳು, ಧೂಪದಾನಿ ಹಿಡಿದು ಹೊಗೆಯ ಮಧ್ಯದಲ್ಲೇ ನಿಲ್ಲುವ ಪೀಠಬಾಲಕರು, ಉಬ್ಬಸದ ಅಜ್ಜಿಯರ ಲೆಕ್ಕ ಬೇರೆ.

ಇನ್ನೊಂದು ಮಗ್ಗುಲೂ ಇದೆ. ಬೈಬಲಿನ ಧೂಪಕ್ಕೆ ಮೂಲವಾದ ಬೊಸ್ವೆಲಿಯ ಮರದ ಅಂಟಿನಲ್ಲಿರುವ ಒಂದು ಅಂಶ ಇಲಿಗಳ ಆತಂಕವನ್ನು ತಗ್ಗಿಸುತ್ತದೆಂದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರೂ ಸೇರಿದ ತಂಡ 2008ರಲ್ಲಿ ತೋರಿಸಿತು. ಇಲಿಗಳ ಮೇಲಿನ ಪ್ರಯೋಗವನ್ನು ನೇರವಾಗಿ ಮನುಷ್ಯರಿಗೆ ಹಚ್ಚಲಾಗದು. ಆದರೂ ಧೂಪದ ಘಮಕ್ಕೆ ಮನಸ್ಸು ತಣಿಯುತ್ತದೆ ಎಂಬ ಅಜ್ಜಿಯರ ಮಾತು ಬರೀ ಭ್ರಮೆಯಲ್ಲದಿರಬಹುದು. ಕೊರೊನಾ ಬಂದು ವಾರಗಟ್ಟಲೆ ಕಾಫಿಯ ವಾಸನೆಯೂ ತಿಳಿಯದೆ ಕಂಗಾಲಾದವರಿಗೆ, ಮೂಗು ಕೊಡುವ ಸುಖ ಎಂಥದ್ದೆಂದು ಹೊಸದಾಗಿ ಹೇಳಬೇಕಾಗಿಲ್ಲ.

ಈ ಅಪಾಯ, ಸುಖ ಎರಡರ ನಡುವೆ ಭಕ್ತರು ಬೀಳುವ ಗುಂಡಿ ಎರಡು.

ಮೊದಲನೆಯದು, ‘ದೇವರು ಸೃಷ್ಟಿಸಿದ್ದು, ಅದಕ್ಕೇ ನಿರಪಾಯ’ ಎಂಬ ನಂಬಿಕೆ. ಅಮೆರಿಕದ ಕ್ರೈಸ್ತ ಮನೆಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಸುಗಂಧ ತೈಲಗಳ ದೊಡ್ಡ ವ್ಯಾಪಾರ ಬೆಳೆಯಿತು. ಕೃತಕ ಸೆಂಟು ಬೇಡ, ಬೈಬಲಿನ ಎಣ್ಣೆ ಕೊಳ್ಳಿ ಎಂದು ಪ್ರಾರ್ಥನಾ ಗುಂಪಿನ ಗೆಳತಿಯರೇ ಒಬ್ಬರಿಗೊಬ್ಬರು ಮಾರುವ ಸರಪಳಿ ವ್ಯವಸ್ಥೆ ಅದು. 2014ರಲ್ಲಿ ಯೂಟಾ ರಾಜ್ಯದ ಇಂಥ ಎರಡು ದೊಡ್ಡ ಕಂಪನಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆಯ ಪತ್ರ ಬರೆಯಿತು. ಎಬೋಲಾ ಸೇರಿ ನಾನಾ ಕಾಯಿಲೆಗೆ ಈ ಎಣ್ಣೆಗಳು ಮದ್ದು ಎಂದು ಮಾರಾಟಗಾರರು ಪ್ರಚಾರ ಮಾಡಿದ್ದರು. ಕಿತ್ತಳೆ ಸಿಪ್ಪೆಯ ಪರಿಮಳಕ್ಕೆ ಕಾರಣವಾದ ಲಿಮೊನೀನ್ ಅಪ್ಪಟ ಸೃಷ್ಟಿಯ ಕೊಡುಗೆ. ಕೋಣೆಯ ಗಾಳಿಯಲ್ಲಿರುವ ಓಜೋನ್ ಜೊತೆ ಸೇರಿದರೆ ಅದೇ ಫಾರ್ಮಾಲ್ಡಿಹೈಡನ್ನೂ ಹುಟ್ಟಿಸುತ್ತದೆ. ರಸಾಯನಶಾಸ್ತ್ರಕ್ಕೆ ತೋಟದ್ದು, ಕಾರ್ಖಾನೆಯದ್ದು ಎಂಬ ಪಂಕ್ತಿಭೇದ ಗೊತ್ತಿಲ್ಲ.

2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಎಂಬ ಅಪರೂಪದ ಸೋಂಕು ತಗುಲಿ ಇಬ್ಬರು ತೀರಿಕೊಂಡರು, ಒಬ್ಬರು ಮಗು. ತನಿಖೆ ನಡೆದು ನಡೆದು ಕೊನೆಗೆ ಸಿಕ್ಕಿದ್ದು ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಪರಿಮಳದ, ಕೋಣೆಗೆ ಸಿಂಪಡಿಸುವ ಒಂದು ಸೀಸೆ. ತಯಾರಾದದ್ದು ಭಾರತದಲ್ಲಿ. ರೋಗಾಣು ಅದರೊಳಗೇ ಬದುಕಿತ್ತು. ಸುಮಾರು 3,900 ಸೀಸೆಗಳನ್ನು ವಾಪಸು ಪಡೆಯಬೇಕಾಯಿತು. ಇದು ನೂರಕ್ಕೊಂದು ಪ್ರಕರಣವೂ ಅಲ್ಲ, ಅತಿ ವಿರಳ. ಆದರೆ ಚೀಟಿಯ ಮೇಲೆ ಹೂವಿನ ಚಿತ್ರ ಇದ್ದಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವವರಿಗೆ ಈ ಒಂದು ಪ್ರಕರಣ ಸಾಕು.

ಎರಡನೆಯ ಗುಂಡಿ ಇದಕ್ಕೆ ತದ್ವಿರುದ್ಧ. ದೇಹ ಪವಿತ್ರಾತ್ಮನ ಆಲಯ ಎಂಬ ಪೌಲನ ಮಾತನ್ನು ಹಿಡಿದು, ಸೋಪಿನಿಂದ ಲಿಪ್‌ಸ್ಟಿಕ್‌ವರೆಗೆ ಎಲ್ಲದರಲ್ಲೂ ವಿಷ ಹುಡುಕಿ, ಮಲ್ಲಿಗೆ ಮುಡಿದ ಸೊಸೆಯನ್ನೂ ಪಾಪಿಯಂತೆ ನೋಡುವ ಹೊಸ ಮಡಿ. ಪೌಲನು ಆ ಮಾತನ್ನು ಕೊರಿಂಥದವರಿಗೆ ಬರೆದದ್ದು ವೇಶ್ಯಾಸಂಗದ ಸಂದರ್ಭದಲ್ಲಿ, ಅತ್ತರಿನ ಸಂದರ್ಭದಲ್ಲಲ್ಲ. ಕಟ್ಟಿಗೆ ಒಲೆಯಂಥ ಅಡುಗೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆ ಹೊಗೆಯ ಮುಂದೆ ಕಿವಿಯ ಹಿಂದೆ ಹಚ್ಚಿದ ಒಂದು ತೊಟ್ಟು ಅತ್ತರು ಲೆಕ್ಕಕ್ಕೇ ಬಾರದು. ಅಪಾಯವನ್ನು ಅದರ ಗಾತ್ರಕ್ಕೆ ತಕ್ಕಂತೆ ತೂಗದೆ ಹೋದರೆ ಭಕ್ತಿಯ ಹೆಸರಿನಲ್ಲಿ ಬರೀ ದಿಗಿಲು ಉಳಿಯುತ್ತದೆ.

ಎರಡು ಗುಂಡಿಗಳ ನಡುವಿನ ಕಾಲುದಾರಿಯನ್ನೂ ಪೌಲನೇ ಹಾಕಿಕೊಟ್ಟಿದ್ದಾನೆ, ಸುಗಂಧದ ಪ್ರಸ್ತಾಪವೇ ಇಲ್ಲದೆ. ಕೊರಿಂಥದ ಸಭೆಯಲ್ಲಿ ಜಗಳ ಎದ್ದದ್ದು ಮಾಂಸದ ಮೇಲೆ. ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಪೇಟೆಗೆ ಬರುತ್ತಿತ್ತು. ತಿನ್ನಬಹುದೆಂದು ಕೆಲವರು, ಕೂಡದೆಂದು ಕೆಲವರು. ವಿಗ್ರಹ ಬರೀ ಕಲ್ಲು, ಆದ್ದರಿಂದ ತಿಂದರೆ ತಪ್ಪಿಲ್ಲ ಎಂದು ಪೌಲ ಮೊದಲು ಒಪ್ಪಿಕೊಂಡ. ಆಮೇಲೆ ಮಾತು ತಿರುಗಿಸಿದ: ತಾನು ತಿನ್ನುವುದರಿಂದ ಒಬ್ಬ ಸೋದರನಿಗೆ ಎಡವಟ್ಟಾಗುವುದಾದರೆ ತಾನು ಎಂದೆಂದಿಗೂ ಮಾಂಸ ಮುಟ್ಟುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲೂ ಇದೇ ವಾದ. ಅಲ್ಲಿ ಪೌಲ ಕಾಪಾಡಲು ಹೊರಟದ್ದು ಸೋದರನ ಮನಸ್ಸಾಕ್ಷಿಯನ್ನು. ಮನಸ್ಸಾಕ್ಷಿಯ ನೋವಿಗೇ ಇಷ್ಟು ಮರ್ಯಾದೆ ಇರುವಲ್ಲಿ ಶ್ವಾಸಕೋಶದ ನೋವಿಗೆ ಕಡಿಮೆ ಮರ್ಯಾದೆ ಸಲ್ಲಬಾರದು.

ಮಾಂಸಕ್ಕೂ ಪರಿಮಳಕ್ಕೂ ಇರುವ ವ್ಯತ್ಯಾಸವೂ ಈ ವಾದಕ್ಕೆ ಬಲ ಕೊಡುತ್ತದೆ. ತಟ್ಟೆಯ ಮಾಂಸ ತಿಂದವನ ಹೊಟ್ಟೆಗಷ್ಟೇ ಹೋಗುತ್ತದೆ. ಸೆಂಟು ಹಚ್ಚಿದವರ ಮೈಯಲ್ಲಿ ನಿಲ್ಲುವುದಿಲ್ಲ, ಬೆಂಚಿನಿಂದ ಬೆಂಚಿಗೆ ನಡೆಯುತ್ತದೆ. ಅದಕ್ಕಿಂತ ವಿಚಿತ್ರವೆಂದರೆ ಹಚ್ಚಿಕೊಂಡವರಿಗೇ ಅದರ ಅರಿವು ಬೇಗ ಮಾಯವಾಗುತ್ತದೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷದಲ್ಲಿ ಮೂಗು ಅದನ್ನು ಗಣನೆಗೆ ತೆಗೆದುಕೊಳ್ಳುವುದು ಬಿಡುತ್ತದೆ. ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ಸುಗಂಧವನ್ನು ಅತ್ಯಂತ ವ್ಯರ್ಥ ವಿಲಾಸವೆಂದು ಹೀಗಳೆಯುತ್ತ, ಪೂಸಿಕೊಂಡವನಿಗೇ ಅದರ ವಾಸನೆ ತಿಳಿಯುವುದಿಲ್ಲವೆಂದು ಗಮನಿಸಿದ್ದ. ‘ನನಗೇನೂ ಜಾಸ್ತಿ ಅನ್ನಿಸುತ್ತಿಲ್ಲ’ ಎಂದು ಸೆಂಟು ಪ್ರಿಯರು ಹೇಳುವುದು ಸುಳ್ಳಲ್ಲ. ಆದರೆ ಅಳತೆ ಹೇಳಬೇಕಾದ ಮೂಗು ಪಕ್ಕದವರದ್ದು.

ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಎರಡನೇ ಶತಮಾನದ ಕೊನೆಯಲ್ಲಿ ಕ್ರೈಸ್ತರ ದಿನಚರಿಗೆ ಬರೆದ ಕೈಪಿಡಿಯ ಒಂದು ಅಧ್ಯಾಯದಲ್ಲಿ ಸುಗಂಧ ತೈಲದ ಬಳಕೆಯನ್ನು ಚರ್ಚಿಸಿದ್ದಾನೆ. ಯೇಸುವಿನ ಪಾದಕ್ಕೆ ತೈಲ ಹಚ್ಚಿದ ಕಥೆಯನ್ನು ನೆಪ ಮಾಡಿಕೊಳ್ಳಬೇಡಿ ಎಂದು ಶುರುವಿನಲ್ಲೇ ಗದರುತ್ತಾನೆ. ಹಾಗೆಂದು ಪೂರ್ತಿ ಕೈಬಿಡಿ ಎನ್ನುವುದಿಲ್ಲ. ಮೈಗೆ ಹಿತವಾಗುವ, ತಲೆಗೆ ಏರದ ಸೌಮ್ಯ ವಾಸನೆಗಳಿಗೆ ಅಡ್ಡಿಯಿಲ್ಲ ಎನ್ನುತ್ತಾನೆ. ಸಾವಿರದ ಎಂಟುನೂರು ವರ್ಷಗಳ ನಂತರವೂ ಈ ಅಳತೆ ಹಳಸಿಲ್ಲ.

ಆಚರಣೆಗೆ ತರುವುದು ಕಷ್ಟವೂ ಅಲ್ಲ. ಕೆನಡದ ಹ್ಯಾಲಿಫ್ಯಾಕ್ಸ್ ನಗರದ ಆಸ್ಪತ್ರೆ, ಶಾಲೆ, ಕಚೇರಿಗಳು ಸುಮಾರು ಕಾಲು ಶತಮಾನದ ಹಿಂದೆಯೇ ಸೆಂಟು ಹಾಕಿಕೊಂಡು ಬರಬೇಡಿ ಎಂದು ಕೇಳಿಕೊಳ್ಳಲು ಶುರುಮಾಡಿದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2009ರಲ್ಲಿ ತನ್ನ ಕಚೇರಿಗಳ ಒಳಗೆ ಸುಗಂಧಿತ ವಸ್ತುಗಳ ಬಳಕೆಗೆ ತಡೆ ಹಾಕಿತು. 2010ರಲ್ಲಿ ಡೆಟ್ರಾಯ್ಟ್ ನಗರಾಡಳಿತ, ಸಹೋದ್ಯೋಗಿಯ ಸೆಂಟಿನಿಂದ ಉಸಿರಾಡಲು ಕಷ್ಟಪಟ್ಟ ನೌಕರಳಿಗೆ 1 ಲಕ್ಷ ಡಾಲರ್ ಪರಿಹಾರ ಕೊಟ್ಟು ರಾಜಿಯಾಯಿತು. ಉತ್ತರ ಅಮೆರಿಕದ ಹಲವು ಚರ್ಚುಗಳೂ ಬಾಗಿಲಲ್ಲಿ ಇಂಥದೇ ವಿನಂತಿಯ ಫಲಕ ಹಾಕಿವೆ. ಕಾನೂನಿಗೆ ಹೆದರಿ ಕಚೇರಿ ಮಾಡುವುದನ್ನು ಪ್ರೀತಿಗೆ ಕಟ್ಟುಬಿದ್ದ ಸಭೆ ಮಾಡದೆ ಹೋದರೆ ನಾಚಿಕೆಗೇಡು.

ಕಥೋಲಿಕ ಆರಾಧನಾ ನಿಯಮವೂ ಇದಕ್ಕೆ ಅಡ್ಡ ಬರುವುದಿಲ್ಲ. ಯಾವ ಬಲಿಪೂಜೆಯಲ್ಲಾದರೂ ಬೇಕೆನಿಸಿದರೆ ಧೂಪ ಬಳಸಬಹುದು ಎಂದಷ್ಟೇ ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳು ಹೇಳುತ್ತವೆ. ಹಾಕಲೇಬೇಕೆಂಬ ಕಟ್ಟು ಇಲ್ಲ. ಹಾಗಾಗಿ ಧೂಪವನ್ನು ಕಿತ್ತೆಸೆಯುವ ಅಗತ್ಯವೂ ಇಲ್ಲ, ಪ್ರತಿ ಪೂಜೆಗೂ ಮೋಡ ಕಟ್ಟಿಸುವ ಅಗತ್ಯವೂ ಇಲ್ಲ. ಭಾನುವಾರ ಮೂರು ಬಲಿಪೂಜೆ ನಡೆಯುವಲ್ಲಿ ಒಂದನ್ನು ಧೂಪರಹಿತ ಮಾಡಬಹುದು. ಧೂಪಾರತಿಗೆ ಮುಂಚೆ ಕಿಟಕಿ ತೆರೆಯಬಹುದು. ಪೀಠಬಾಲಕರಲ್ಲಿ ಯಾರಿಗಾದರೂ ಉಬ್ಬಸ ಇದೆಯೇ ಎಂದು ಕೇಳಬಹುದು. ಪ್ರಾಟೆಸ್ಟೆಂಟ್ ಸಭೆಗಳು ತಮಗೆ ಇದು ಸಂಬಂಧವಿಲ್ಲ ಎಂದು ಕೂರುವಂತಿಲ್ಲ. ಧೂಪ ಬಿಟ್ಟ ಪ್ರಾರ್ಥನಾ ಮಂದಿರಗಳಲ್ಲೂ ಪ್ಲಗ್ಗಿಗೆ ಸಿಕ್ಕಿಸಿದ ಏರ್ ಫ್ರೆಶನರ್ ಇರಬಹುದು. ಎಸಿ ಹಾಕಿ ಬಾಗಿಲು ಮುಚ್ಚಿದ ಹಾಲಿನಲ್ಲಿ ಅದರ ಅಂಶ ಹೋಗಲು ದಾರಿಯೇ ಇಲ್ಲ. ಅದನ್ನು ತೆಗೆಯುವುದಕ್ಕೆ ಯಾವ ಸಿದ್ಧಾಂತದ ತಕರಾರೂ ಇಲ್ಲ.

ಮನೆಯ ಮಟ್ಟದಲ್ಲಿ ಇನ್ನೂ ಸುಲಭ. ಮರಿಯಮ್ಮನ ಪಟದ ಮುಂದೆ ಮೂರು ಊದುಬತ್ತಿಯ ಬದಲು ಒಂದು, ಅದೂ ಮಗು ಮಲಗುವ ಕೋಣೆಯಲ್ಲಿ ಬೇಡ. ಸೆಂಟು ಬಟ್ಟೆಗೆ ಎರಡು ಸಲ ಸಾಕು. ಆಸ್ಪತ್ರೆಗೆ ರೋಗಿ ನೋಡಲು, ಬಾಣಂತಿ ಮನೆಗೆ ಮಗು ನೋಡಲು ಹೋಗುವ ದಿನ ಅದೂ ಬೇಡ. ಮೈಗೆ ಒಗ್ಗದ ಸೋಪು ಯಾವುದೆಂದು ಗೊತ್ತಾದ ಮೇಲೆ ಅದನ್ನೇ ಹಚ್ಚಿ ತುರಿಸಿಕೊಳ್ಳುವುದು ತಪಸ್ಸಲ್ಲ.

ಯೂದನ ಪ್ರಶ್ನೆಗೂ ಒಂದು ಸತ್ಯದ ಎಳೆ ಉಳಿದಿದೆ. ಬಾಯಿ ಕೆಟ್ಟದ್ದಾದರೂ ಪ್ರಶ್ನೆ ಕೆಟ್ಟದ್ದಲ್ಲ: ಈ ಪರಿಮಳದ ಬೆಲೆ ತೆರುವವರು ಯಾರು? ಮರಿಯಳ ಭರಣಿ ತುಂಬಿದ್ದ ಜಟಾಮಾಂಸಿ ಇಂದು ಅಳಿವಿನ ಅಂಚಿನಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ. 1997ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಇಥಿಯೋಪಿಯ, ಎರಿಟ್ರಿಯ, ಸುಡಾನಿನಲ್ಲಿ ಧೂಪದ ಮರಗಳು ಹೊಸ ಸಸಿ ಬೆಳೆಯದೆ ಮುದಿಯಾಗುತ್ತಿದ್ದು, ಇಪ್ಪತ್ತು ವರ್ಷಗಳಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿಯಬಹುದೆಂದು 2019ರ ಅಧ್ಯಯನವೊಂದು ಎಚ್ಚರಿಸಿದೆ. ಊದುಬತ್ತಿ ಹೊಸೆಯುವ ಕೈಗಳಲ್ಲಿ ಬಹುಪಾಲು ಬಡ ಹೆಣ್ಣುಮಕ್ಕಳದ್ದು. ಅದರ ಪುಡಿ ಮೊದಲು ಹೋಗುವುದು ಅವರ ಎದೆಗೇ. ಹಿತಮಿತವಾಗಿ ಬಳಸಿದರೆ ಪಕ್ಕದ ಬೆಂಚಿನವರಿಗಷ್ಟೇ ಅಲ್ಲ, ಆ ಗಿಡಮರಗಳಿಗೂ ಆ ಕೈಗಳಿಗೂ ಒಂದಿಷ್ಟು ಉಸಿರು ಸಿಗುತ್ತದೆ.

ಮುಂದಿನ ಕ್ರಿಸ್‌ಮಸ್ ರಾತ್ರಿ ಧೂಪದಾನಿ ತೂಗುವ ಧರ್ಮಕೇಂದ್ರಗಳ ಗುರುಗಳಲ್ಲಿ ಒಂದು ಬಿನ್ನಹ. ಹಬ್ಬದ ವೇಳಾಪಟ್ಟಿಯನ್ನು ಬಾಗಿಲಿಗೆ ಅಂಟಿಸುವಾಗ ಕೆಳಗೆ ಒಂದು ಸಾಲು ಸೇರಿಸಿ: ರಾತ್ರಿಯ ಪೂಜೆಯಲ್ಲಿ ಧೂಪ ಇರುತ್ತದೆ, ಬೆಳಗಿನ ಪೂಜೆಯಲ್ಲಿ ಇರುವುದಿಲ್ಲ. ಉಬ್ಬಸದವರು ಯಾವುದಕ್ಕೆ ಬರಬೇಕೆಂದು ಅವರೇ ತೀರ್ಮಾನಿಸಿಕೊಳ್ಳುತ್ತಾರೆ.